ಕೊಳೆ ಕಾಲಿಗೂ ಬರುತ್ತದೆ

ಮಳೆಗಾಲ ಹತ್ತಿರ ಬಂತೆಂದರೆ ಯಲ್ಲಾಪುರ ತಾಲ್ಲೂಕಿನ ಅರಬೈಲ್, ಇಡಗುಂದಿ, ವಜ್ರಳ್ಳಿಯ ಕಡೆ ಯಾರು ಯಾರಿಗೆ ಸಿಕ್ಕರೂ ಕೇಳುವ ಮಾತು ಒಂದೇ: ‘ಮದ್ದು ಹೊಡೆದಾಯ್ತಾ?’ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವುದರೊಳಗೆ ಒಂದು ಸಲ, 40–45 ದಿನ ಬಿಟ್ಟು ಮಳೆ ಹೊಳವಾದಾಗ ಇನ್ನೊಂದು ಸಲ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ಸಿಗದಿದ್ದರೆ ಮನೆಯ ಯಜಮಾನರಿಗೆ ನಿದ್ದೆ ಬಾರದು. ಕೊಳೆ ಹತ್ತಿ ಅಡಿಕೆಕಾಯಿ ಉದುರಲು ಶುರುವಾದ ಮೇಲೆ ಹೊಡೆದ ಮದ್ದಿನಿಂದ ಉದುರಿದ್ದು ವಾಪಸ್ ಬರುವುದಿಲ್ಲ ಎಂಬುದು ಇಲ್ಲಿಯ ಮಕ್ಕಳಿಗೂ ಗೊತ್ತು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ವರದಿ ಬರೆದು, ಮೈಲುತುತ್ತ-ಸುಣ್ಣದ ಈ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ನೂರು ವರ್ಷದಲ್ಲಿ ಅದು ಮಲೆನಾಡಿನ ಮೈಗೆ ಹತ್ತಿದ ಪಾಠವಾಯಿತು.

ಅಡಿಕೆಯನ್ನು ಕೊಳೆಯಿಸುವ ಅದೇ ತೇವ, ಬಿಸಿಲು ಕಾಣದ ಅವೇ ದಿನಗಳು ನಮ್ಮ ಕಾಲಿಗೂ ಬರುತ್ತವೆ. ಕಾಲಿನ ವಿಷಯದಲ್ಲಿ ಮಾತ್ರ ನಾವು ಉದುರುವವರೆಗೆ ಕಾಯುತ್ತೇವೆ. ಸಕ್ಕರೆ ಕಾಯಿಲೆ ಇಲ್ಲದವರು ಹಾಗೆ ಕಾದರೆ ಸಾಮಾನ್ಯವಾಗಿ ದೊಡ್ಡ ನಷ್ಟವಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಕಾದರೆ ಕಾಲಿಗೇ ಅಪಾಯ. ಮುಂದಿನ ಮಳೆಗಾಲಗಳಲ್ಲಿ ಈ ಅಪಾಯ ಹೆಚ್ಚಲಿದೆ ಎನ್ನಲು ಸಾಕಷ್ಟು ಪುರಾವೆ ಈಗ ಕೈಯಲ್ಲಿದೆ. ಅದನ್ನು ಹೇಳಲೆಂದೇ ಈ ಲೇಖನ.

ಜಗುಲಿಯ ಮೇಲೊಂದು ಕಾಲು

ಆಷಾಢದ ಸಂಜೆ ತೋಟದಿಂದ ಬಂದು, ಕಂಬಳಿಕೊಪ್ಪೆ ಇಳಿಸಿ ಜಗುಲಿಯಲ್ಲಿ ಕೂತವರ ಕಾಲನ್ನು ಹತ್ತಿರದಿಂದ ನೋಡಿ. ಕಿರುಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಸಂದು ಎಲ್ಲಕ್ಕಿಂತ ಇಕ್ಕಟ್ಟಾದ ಜಾಗ. ಶಿಲೀಂಧ್ರ ಸೋಂಕು ಸಾಮಾನ್ಯವಾಗಿ ಶುರುವಾಗುವುದು ಅಲ್ಲಿಯೇ. ಬೆರಳು ಅಗಲಿಸಿದರೆ ಒಳಗಿನ ಚರ್ಮ ನೆನೆಸಿದ ಅವಲಕ್ಕಿಯಂತೆ ಬಿಳಿಚಿಕೊಂಡಿರುತ್ತದೆ. ಮೆಲ್ಲಗೆ ಒರೆಸಿದರೆ ಸುಲಿದು ಬರುತ್ತದೆ, ಕೆಳಗೆ ಕೆಂಪು ಗೀರು ಕಾಣುತ್ತದೆ. ಪಾದದ ತಳದ ಗೆರೆಗಳಲ್ಲಿ ಅಕ್ಕಿಹಿಟ್ಟು ಉದುರಿಸಿದಂತೆ ಸಣ್ಣ ಹೊಟ್ಟು. ಹೆಬ್ಬೆರಳಿನ ಉಗುರು ಹಳದಿಯಾಗಿ, ದಪ್ಪವಾಗಿ, ಅಡಿಯಲ್ಲಿ ಪುಡಿ ತುಂಬಿಕೊಂಡಿದೆ. ಕಣಕಾಲಿನ ಮೇಲೆ ಉಂಬಳ ಕಚ್ಚಿದ ಎರಡು ಮೂರು ಕಲೆ.

‘ನೋವಿದೆಯಾ?’ ಎಂದು ಕೇಳಿ. ‘ಏನೂ ಇಲ್ಲೆ, ಕೆಸರುಹುಣ್ಣು. ದೀಪಾವಳಿ ಹೊತ್ತಿಗೆ ತಾನಾಗೇ ಹೋಗ್ತು’ ಎಂಬ ಉತ್ತರ ಬರುತ್ತದೆ. ಮೂವತ್ತು ವರ್ಷದ ಆರೋಗ್ಯವಂತ ಹೇಳಿದರೆ ಈ ಉತ್ತರದಲ್ಲಿ ಬಹುಪಾಲು ಸತ್ಯವಿದೆ. ಹತ್ತು ವರ್ಷದಿಂದ ಶುಗರ್ ಮಾತ್ರೆ ನುಂಗುತ್ತಿರುವ ಅರವತ್ತರ ಹಿರಿಯರು ಹೇಳಿದರೆ ಅದೇ ಮಾತಿಗೆ ಭಯಪಡಬೇಕು. ಅವರಿಗೆ ನೋವಿಲ್ಲದಿರಲು ಗಾಯ ಚಿಕ್ಕದಾಗಿರಬೇಕೆಂದಿಲ್ಲ. ನೋವನ್ನು ಮಿದುಳಿಗೆ ಮುಟ್ಟಿಸುವ ನರಗಳು ಸಕ್ಕರೆಯಿಂದ ಸೊರಗಿರಬಹುದು. ಚಪ್ಪಲಿ ಕಾಲಿನಿಂದ ಕಳಚಿಹೋದದ್ದೂ ಗೊತ್ತಾಗದೆ ನಾಲ್ಕು ಹೆಜ್ಜೆ ನಡೆಯುವವರು ನಮ್ಮ ನಡುವೆ ಇದ್ದಾರೆ. ಆ ಕಾಲು ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳಲಾರದು.

ಸಕ್ಕರೆಗೂ ಶಿಲೀಂಧ್ರಕ್ಕೂ ಏನು ನಂಟು?

ನಮ್ಮ ಚರ್ಮಕ್ಕೆ ತಗಲುವ ಶಿಲೀಂಧ್ರಗಳಲ್ಲಿ ಮುಖ್ಯವಾದವು ಎರಡು ಬಗೆ. ಚರ್ಮ, ಕೂದಲು, ಉಗುರಿನಲ್ಲಿರುವ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನೇ ತಿಂದು ಬದುಕುವ ಜಾತಿ ಒಂದು. ಹುಳುಕಡ್ಡಿ, ಗಜಕರ್ಣ ಎಂದು ನಾವು ಕರೆಯುವ ಉಂಗುರದಂಥ ಗಂಧೆ, ತೊಡೆಸಂದಿನ ತುರಿಕೆ, ಕಾಲ್ಬೆರಳ ಸಂದಿನ ಹುಣ್ಣು, ಉಗುರು ಕೆಡುವುದು ಬಹುಮಟ್ಟಿಗೆ ಇದರ ಕೆಲಸ. ಇನ್ನೊಂದು ಕ್ಯಾಂಡಿಡಾ ಎಂಬ ಯೀಸ್ಟ್. ಇದು ನಮ್ಮ ಬಾಯಿ, ಕರುಳಿನಲ್ಲಿ ಸಾಧುವಾಗಿ ವಾಸವಾಗಿದ್ದು, ತೇವವೂ ಸಕ್ಕರೆಯೂ ಸಿಕ್ಕ ಕೂಡಲೇ ಸಂದುಗಳಲ್ಲಿ, ಜನನಾಂಗದಲ್ಲಿ, ಉಗುರುಸುತ್ತಿನಲ್ಲಿ ಹರಡುತ್ತದೆ.

ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ಸೂಕ್ಷ್ಮಾಣುಗಳನ್ನು ಹಿಡಿದು ನುಂಗುವ ಬಿಳಿ ರಕ್ತಕಣಗಳ ಚುರುಕು ತಗ್ಗುತ್ತದೆ. ಮೂತ್ರದಲ್ಲಿ ಸಕ್ಕರೆ ಸೋರಿ ಯೀಸ್ಟಿಗೆ ಆಹಾರವಾಗುತ್ತದೆ. ಚರ್ಮದ ಮಡಿಕೆಗಳಲ್ಲಿ ಇರಬೇಕಾದ ಸಹಜ ಆಮ್ಲೀಯತೆ ಕಡಿಮೆಯಾಗುತ್ತದೆ. ಕಾಲಿನ ಸಣ್ಣ ದೊಡ್ಡ ರಕ್ತನಾಳಗಳು ಇಕ್ಕಟ್ಟಾಗಿ ಗಾಯ ಮಾಯಲು ಬೇಕಾದ ರಕ್ತ ತಲುಪುವುದಿಲ್ಲ. ಬಸಿಗಾಲುವೆ ಕಟ್ಟಿಕೊಂಡ ತೋಟದಲ್ಲಿ ಕೊಳೆ ಹೇಗೆ ಬೇಗ ಹತ್ತುತ್ತದೋ ಹಾಗೆಯೇ ಇದೂ. ಅಡಿಕೆಯ ಕೊಳೆ ತರುವ ಫೈಟಾಫ್ಥೊರಾ ಬೇರೆಯೇ ಜೀವಿ, ಇಂದಿನ ವಿಜ್ಞಾನ ಅದನ್ನು ನಿಜ ಶಿಲೀಂಧ್ರಗಳ ಗುಂಪಿನಿಂದ ಹೊರಗಿಟ್ಟಿದೆ, ಮನುಷ್ಯರಿಗೆ ಅದು ತಗಲುವುದಿಲ್ಲ. ಆದರೆ ಎರಡಕ್ಕೂ ಬೇಕಾದ ಹವೆ ಒಂದೇ.

ಇದು ಬರೀ ಊಹೆಯಲ್ಲ. ಉತ್ತರ ಅಮೆರಿಕದಲ್ಲಿ 550 ಮಧುಮೇಹಿಗಳ ಕಾಲುಗುರುಗಳನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 26ರಷ್ಟು ಜನರಿಗೆ ಉಗುರಿನ ಶಿಲೀಂಧ್ರ ಸೋಂಕು ಇರುವುದು ಪ್ರಯೋಗಾಲಯದಲ್ಲಿ ದೃಢಪಟ್ಟಿತು. ಸಕ್ಕರೆ ಕಾಯಿಲೆ ಇಲ್ಲದವರಿಗೆ ಹೋಲಿಸಿದರೆ ಅಪಾಯ 2.77 ಪಟ್ಟು. ಆ ಊರುಗಳಲ್ಲಿ ಬೂಟು, ಕಾಲುಚೀಲ, ಬೆಚ್ಚಗಿನ ಒಣ ಮನೆ ಇವೆ. ವರ್ಷಕ್ಕೆ ನೂರು ಅಂಗುಲದ ಆಸುಪಾಸು ಮಳೆ ಸುರಿಯುವ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಬರಿಗಾಲಿನಲ್ಲಿ ತೋಟ ಗದ್ದೆ ಸುತ್ತುವವರ ಗತಿ ಅದಕ್ಕಿಂತ ಚೆನ್ನಾಗಿರಲು ಕಾರಣವೇ ಇಲ್ಲ.

ಮುಂದಿನ ಕೊಂಡಿ 1999ರ ಫ್ರಾನ್ಸಿನ ಅಧ್ಯಯನ. ಕಾಲು ಕೆಂಪಾಗಿ ಊದಿ, ಚಳಿಜ್ವರ ಬಂದು ಆಸ್ಪತ್ರೆಗೆ ಸೇರಿದ 167 ರೋಗಿಗಳನ್ನು, ಆ ತೊಂದರೆ ಇಲ್ಲದ 294 ಜನರ ಜೊತೆ ಹೋಲಿಸಿ ನೋಡಿದರು. ಈ ಬಗೆಯ ಊತ ತರುವುದು ಬ್ಯಾಕ್ಟೀರಿಯಾ, ಶಿಲೀಂಧ್ರವಲ್ಲ. ಆದರೆ ಕಾಲ್ಬೆರಳ ಸಂದು ಕೆಟ್ಟವರಲ್ಲಿ ಅದು ಬರುವ ಸಂಭವ ಸುಮಾರು 14 ಪಟ್ಟು ಹೆಚ್ಚಾಗಿತ್ತು. ಹತ್ತರಲ್ಲಿ ಆರು ಪ್ರಕರಣಗಳಿಗೆ ಆ ಸಂದಿನ ಬಿರುಕೇ ಕಾರಣವೆಂದು ಲೆಕ್ಕ ಸಿಕ್ಕಿತು. ಇದು ಮಧುಮೇಹಿಗಳಲ್ಲಷ್ಟೇ ಮಾಡಿದ ಅಧ್ಯಯನವಲ್ಲ, ಎಲ್ಲರಿಗೂ ಸೇರಿದ ಮಾತು. ಅದರ ಸಾರ ಇಷ್ಟು: ಶಿಲೀಂಧ್ರ ಬಾಗಿಲು ತೆರೆಯುತ್ತದೆ, ಬ್ಯಾಕ್ಟೀರಿಯಾ ಒಳಗೆ ಬರುತ್ತದೆ. ನಮ್ಮ ಕಡೆ ‘ನಂಜಾಯ್ತು’ ಎನ್ನುವುದು ಇದಕ್ಕೇ.

ಸಕ್ಕರೆ ಕಾಯಿಲೆಯವರಲ್ಲಿ ಆ ನಂಜು ನಿಲ್ಲುವುದು ಕಷ್ಟ. ಜೀವಮಾನದಲ್ಲಿ ಒಮ್ಮೆಯಾದರೂ ಕಾಲಿನ ಹುಣ್ಣಿಗೆ ತುತ್ತಾಗುವವರು ಮಧುಮೇಹಿಗಳಲ್ಲಿ ಶೇ 19ರಿಂದ 34ರಷ್ಟು ಎಂದು 2017ರಲ್ಲಿ ಬಂದ ದೊಡ್ಡ ವಿಮರ್ಶೆಯೊಂದು ಅಂದಾಜಿಸಿದೆ. ಮಾಯ್ದ ಹುಣ್ಣು ಒಂದೇ ವರ್ಷದಲ್ಲಿ ಮತ್ತೆ ಏಳುವುದು ಶೇ 40ರಷ್ಟು ಜನರಿಗೆ. ಮಧುಮೇಹಿಗಳಲ್ಲಿ ಬೆರಳೋ ಕಾಲೋ ಕತ್ತರಿಸಬೇಕಾಗಿ ಬಂದ ಪ್ರಕರಣಗಳಲ್ಲಿ ಬಹುಪಾಲಿಗೆ ಆರಂಭ ಇಂಥ ಒಂದು ಸಣ್ಣ ಹುಣ್ಣು.

ಅಪಾಯ ಹೆಚ್ಚಲಿದೆ ಎನ್ನಲು ಮೂರು ಕಾರಣ

ಮೊದಲನೆಯದು ರೋಗಿಗಳ ಸಂಖ್ಯೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಚೆನ್ನೈನ ಸಂಶೋಧಕರು 2008ರಿಂದ 2020ರವರೆಗೆ 1,13,043 ಜನರನ್ನು ಪರೀಕ್ಷಿಸಿ 2023ರ ಜೂನ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಅದರ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. ಇನ್ನೂ 13.6 ಕೋಟಿ ಜನ ಹೊಸ್ತಿಲಲ್ಲಿ ನಿಂತಿದ್ದಾರೆ. ಕರ್ನಾಟಕದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಕಾಯಿಲೆ ಇದೆ. ಪೇಟೆಯವರ ಕಾಯಿಲೆ ಎಂಬ ಮಾತು ಹಳತಾಯಿತು. ದೇಶದ ಹಳ್ಳಿಗಳಲ್ಲೇ ಶೇ 8.9ರಷ್ಟಿದೆ. ಹೊಸ್ತಿಲಲ್ಲಿರುವವರಲ್ಲಿ ಒಂದಷ್ಟು ಮಂದಿ ಒಳಗೆ ಕಾಲಿಟ್ಟರೂ ಮುಂದಿನ ಹತ್ತು ಮಳೆಗಾಲಗಳಲ್ಲಿ ಕೆಸರಿಗಿಳಿಯುವ ಮಧುಮೇಹಿಗಳ ಕಾಲುಗಳು ಇಂದಿಗಿಂತ ಬಹಳ ಹೆಚ್ಚಾಗುತ್ತವೆ.

ಎರಡನೆಯದು, ಶಿಲೀಂಧ್ರವೇ ಬದಲಾಗಿರುವುದು. ಹತ್ತು ಹದಿನೈದು ವರ್ಷದ ಹಿಂದೆ ಗಜಕರ್ಣಕ್ಕೆ ಎರಡು ವಾರ ಟರ್ಬಿನಾಫಿನ್ ಎಂಬ ಮದ್ದು ಸಾಕಾಗುತ್ತಿತ್ತು. ಈಗ ತಿಂಗಳುಗಟ್ಟಲೆ ಹಚ್ಚಿದರೂ, ನುಂಗಿದರೂ ಮತ್ತೆ ಮತ್ತೆ ಬರುತ್ತದೆ. ದೆಹಲಿಯಲ್ಲಿ ಪರೀಕ್ಷಿಸಿದ, ಗಜಕರ್ಣ ತರುವ ಟ್ರೈಕೋಫೈಟಾನ್ ಎಂಬ ಶಿಲೀಂಧ್ರದ ಮಾದರಿಗಳಲ್ಲಿ ಮೂರರಲ್ಲಿ ಒಂದರಷ್ಟು ಈ ಔಷಧಿಗೆ ಜಗ್ಗದವು ಎಂದು 2018ರಲ್ಲಿ ವರದಿಯಾಯಿತು. 2020ರಲ್ಲಿ ಜಪಾನಿನ ವಿಜ್ಞಾನಿಗಳು ಈ ಮೊಂಡು ಶಿಲೀಂಧ್ರಕ್ಕೆ ಪ್ರತ್ಯೇಕ ಹೆಸರಿಟ್ಟರು: ಟ್ರೈಕೋಫೈಟಾನ್ ಇಂಡೊಟೀನಿಯೆ. ಹೆಸರಿನಲ್ಲೇ ನಮ್ಮ ದೇಶ ಸೇರಿಕೊಂಡಿದೆ. 2023ರ ಮೇ ಹೊತ್ತಿಗೆ ಅದು ನ್ಯೂಯಾರ್ಕಿನಲ್ಲಿ ಪತ್ತೆಯಾದ ಸುದ್ದಿಯೂ ಬಂತು. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ. ಒಂದೇ ಟವೆಲು, ಒಂದೇ ಚಾಪೆ, ಅರೆ ಒಣಗಿದ ಪಂಚೆ, ಸದಾ ಒದ್ದೆಯಾಗಿರುವ ಉಡಿದಾರ ಇದಕ್ಕೆ ಸಾಕು.

ಈ ಮೊಂಡುತನ ಬೆಳೆಯಲು ನಾವೇ ಗೊಬ್ಬರ ಹಾಕಿದ್ದೇವೆ. ಮನೆಯ ಗೂಡಿನಲ್ಲಿಟ್ಟ ತುರಿಕೆ ಮುಲಾಮಿನ ಟ್ಯೂಬೊಂದನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು ಸಣ್ಣಕ್ಷರ ಓದಿ. ಮೈಕೊನಜೋಲ್, ಕ್ಲೊಟ್ರಿಮಜೋಲ್, ಕೀಟೊಕೊನಜೋಲ್ ಎಂದಿದ್ದರೆ ಅದು ಶಿಲೀಂಧ್ರದ ಮದ್ದು. ಅದರ ಪಕ್ಕದಲ್ಲೇ ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್ ಎಂಬ ಹೆಸರುಗಳಲ್ಲಿ ಒಂದಿದ್ದರೆ ಅದು ಸ್ಟಿರಾಯ್ಡ್. ಕ್ಲೊಬೆಟಾಸೋಲ್ ಎಂಬುದು ಮೊದಲಿನ ಹೆಸರುಗಳ ದಾಯಾದಿಯಂತೆ ಕೇಳಿಸಿದರೂ ಅತ್ಯಂತ ಪ್ರಬಲ ಸ್ಟಿರಾಯ್ಡ್‌ಗಳಲ್ಲೊಂದು. ಹಚ್ಚಿದ ಎರಡೇ ದಿನದಲ್ಲಿ ತುರಿಕೆ, ಕೆಂಪು ಎರಡೂ ಇಳಿಯುತ್ತವೆ. ರೋಗಿ ಸಮಾಧಾನಗೊಂಡು ಹಚ್ಚುವುದನ್ನು ನಿಲ್ಲಿಸುತ್ತಾನೆ. ಸ್ಟಿರಾಯ್ಡ್ ಮಾಡಿದ್ದು ಮೈಯ ಪ್ರತಿರೋಧವನ್ನು ಮಲಗಿಸಿದ್ದು ಮಾತ್ರ. ಶಿಲೀಂಧ್ರ ಸದ್ದಿಲ್ಲದೆ ಹರಡಿ, ಉಂಗುರದ ರೂಪ ಕಳೆದುಕೊಂಡು, ವೈದ್ಯರಿಗೂ ಗುರುತು ಸಿಗದ ಹಾಗಾಗುತ್ತದೆ. ಚರ್ಮ ಕಾಗದದಂತೆ ತೆಳ್ಳಗಾಗುತ್ತದೆ.

ದೇಶದ ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಕಾನೂನು ಪುಸ್ತಕದಲ್ಲಿದೆ. ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಎಂದು ಕೇಳುವ ರೂಢಿ ಮಾತ್ರ ಬಿಟ್ಟಿಲ್ಲ.

ಸಕ್ಕರೆ, ಸ್ಟಿರಾಯ್ಡ್, ಶಿಲೀಂಧ್ರ ಮೂರೂ ಒಟ್ಟಾದರೆ ಏನಾಗುತ್ತದೆ ಎಂಬುದನ್ನು ನಾವು ಒಮ್ಮೆ ಕಂಡಿದ್ದೇವೆ. 2021ರ ಜೂನ್ ಕೊನೆಗೆ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಕಪ್ಪು ಶಿಲೀಂಧ್ರದ ಪ್ರಕರಣ 40,845, ಸಾವು 3,129. ಆ ರೋಗಿಗಳಲ್ಲಿ ಶೇ 64ರಷ್ಟು ಜನರಿಗೆ ಸಕ್ಕರೆ ಕಾಯಿಲೆ ಇತ್ತು, ಅರ್ಧಕ್ಕಿಂತ ಹೆಚ್ಚು ಮಂದಿ ಸ್ಟಿರಾಯ್ಡ್ ಪಡೆದಿದ್ದರು. ಅದು ಬೇರೆ ಶಿಲೀಂಧ್ರ, ಕೋವಿಡ್ ಕಾಲದ ವಿಶೇಷ ಸನ್ನಿವೇಶ. ಗಜಕರ್ಣ ಕಪ್ಪು ಶಿಲೀಂಧ್ರವಾಗಿ ಬದಲಾಗುವುದಿಲ್ಲ. ಆದರೆ ಸಕ್ಕರೆ ಏರಿದ ಮೈಯಲ್ಲಿ ಶಿಲೀಂಧ್ರವನ್ನು ಹಗುರವಾಗಿ ಕಾಣಬಾರದು ಎಂಬ ಪಾಠ ಅದರಲ್ಲಿತ್ತು. ಐದೇ ವರ್ಷದೊಳಗೆ ಅದನ್ನು ಮರೆತಿದ್ದೇವೆ.

ಮೂರನೆಯದು ಹೊಸ ಮಾತ್ರೆಗಳು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ರಕ್ತದ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಹೃದಯ, ಮೂತ್ರಪಿಂಡ ಎರಡನ್ನೂ ಕಾಯುವ ಒಳ್ಳೆಯ ಔಷಧಿಗಳು. 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದು ಬೆಲೆ ಭಾರೀ ಇಳಿಯಿತು. ಬಡವರ ಕೈಗೂ ಎಟುಕಿದ್ದು ಸಂತೋಷದ ವಿಷಯ. ಆದರೆ ಸಕ್ಕರೆ ಬೆರೆತ ಮೂತ್ರ ಯೀಸ್ಟಿಗೆ ಹಬ್ಬ. ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಜನನಾಂಗದ ಶಿಲೀಂಧ್ರ ಸೋಂಕು ಮೂರು ಪಟ್ಟು ಅಥವಾ ಅದಕ್ಕೂ ಹೆಚ್ಚು ಎಂದು ಪ್ರಯೋಗಗಳು ತೋರಿಸಿವೆ. ಬಹುಪಾಲು ಸೋಂಕು ಸುಲಭವಾಗಿ ವಾಸಿಯಾಗುವಂಥವು. ಜನನಾಂಗದ ಸುತ್ತ ಮಾಂಸ ಕೊಳೆಯುವ ಘೋರ ಸೋಂಕಿನ 12 ಪ್ರಕರಣಗಳನ್ನು ಪಟ್ಟಿಮಾಡಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ಅದು ತೀರಾ ಅಪರೂಪ.

ಅಪರೂಪವಲ್ಲದ್ದು ನಾಚಿಕೆ. ಮುಂದೊಗಲು ಬಿರಿದು ಉರಿಯುತ್ತಿದ್ದರೂ ಗಂಡಸರು ವೈದ್ಯರಿಗೆ ಹೇಳುವುದಿಲ್ಲ. ಹೆಂಗಸರು ಮಗಳಿಗೂ ಹೇಳುವುದಿಲ್ಲ. ಗೂಡಿನ ಟ್ಯೂಬಿಗೇ ಕೈ ಹೋಗುತ್ತದೆ. ಈ ಮಾತ್ರೆ ಬರೆದುಕೊಡುವ ವೈದ್ಯರು ‘ಮೂತ್ರ ಮಾಡಿದ ಮೇಲೆ ನೀರಿನಿಂದ ತೊಳೆದು ಒರೆಸಿಕೊಳ್ಳಿ, ತುರಿಕೆ ಬಂದರೆ ನನಗೇ ಹೇಳಿ’ ಎಂಬ ಎರಡು ಮಾತು ಸೇರಿಸಿದರೆ ಅರ್ಧ ಕಷ್ಟ ತಪ್ಪುತ್ತದೆ. ಸೋಂಕು ಬಂತೆಂದು ರೋಗಿ ತಾನೇ ಮಾತ್ರೆ ನಿಲ್ಲಿಸಬಾರದು.

ಮದ್ದಿನಂಗಡಿಯ ಮಾತ್ರೆಗಳ ಬಗ್ಗೆಯೂ ಒಂದು ಎಚ್ಚರಿಕೆ. ಗಜಕರ್ಣಕ್ಕೆಂದು ಚೀಟಿಯಿಲ್ಲದೆ ತಂದು ನುಂಗುವ ಫ್ಲುಕೊನಜೋಲ್, ಶುಗರಿಗೆ ತೆಗೆದುಕೊಳ್ಳುವ ಗ್ಲಿಮಿಪಿರೈಡ್ ದೇಹದಲ್ಲಿ ಕರಗದೆ ಉಳಿಯುವಂತೆ ಮಾಡುತ್ತದೆ. ಸಕ್ಕರೆ ದಿಢೀರ್ ಕುಸಿದು ಬೆವರಿ, ಕಣ್ಣು ಕತ್ತಲಿಟ್ಟು ಬೀಳಬಹುದು. ಇಟ್ರಕೊನಜೋಲ್ ದುರ್ಬಲ ಹೃದಯದವರಿಗೆ ಆಗದು, ಕೊಲೆಸ್ಟರಾಲಿನ ಕೆಲವು ಮಾತ್ರೆಗಳ ಜೊತೆಗೂ ಹೊಂದದು.

ಘಟ್ಟದ ದಾರಿ

ಬೇರೆ ಕಡೆ ಒಂದು ದಿನದಲ್ಲಿ ಸಿಗುವ ಚಿಕಿತ್ಸೆಗೆ ನಮ್ಮಲ್ಲಿ ನಾಲ್ಕು ದಿನ ಬೇಕಾಗುವುದುಂಟು. 2021ರ ಜುಲೈ ಮಳೆಗೆ ಅರಬೈಲ್ ಘಟ್ಟದಲ್ಲಿ ಗುಡ್ಡ ಜರಿದು ಹೆದ್ದಾರಿ ಬಂದಾಯಿತು. ಅದೇ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ತೋಟ ಮನೆಗಳೇ ಕುಸಿದವು. ಅಂಥ ವಾರದಲ್ಲಿ ಕಾಲಿಗೆ ನಂಜಾದವರು ಎಲ್ಲಿಗೆ ಹೋಗಬೇಕು? ಮಧುಮೇಹಿಯ ಕಾಲಿನ ನಂಜು ದಿನಗಟ್ಟಲೆ ಕಾಯುವುದಿಲ್ಲ, ಕೆಲವೊಮ್ಮೆ ಗಂಟೆಗಳಲ್ಲೇ ಮೇಲೇರುತ್ತದೆ. ರಕ್ತನಾಳದ ಶಸ್ತ್ರಚಿಕಿತ್ಸೆ ಬೇಕಾದರೆ ಯಲ್ಲಾಪುರದಿಂದ ಹುಬ್ಬಳ್ಳಿಗೇ ಹೋಗಬೇಕು, ಇಲ್ಲವೇ ಮಣಿಪಾಲ, ಮಂಗಳೂರು. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ದನಿಯೆತ್ತಿ ವರ್ಷಗಳಾದವು. ಆಸ್ಪತ್ರೆ ದೂರವಿದ್ದ ಊರಿನಲ್ಲಿ ಮುನ್ನೆಚ್ಚರಿಕೆಯೇ ಹತ್ತಿರದ ವೈದ್ಯ.

ಕಾಲಿಗೂ ಮೇ ತಿಂಗಳ ಮದ್ದು

ಕಾಲಿನ ಮುನ್ನೆಚ್ಚರಿಕೆಗೆ ಹೆಚ್ಚಿನ ಖರ್ಚಿಲ್ಲ. ಮೈಲುತುತ್ತದ ನೀರನ್ನು ಕಾಲಿಗೆ ಹಾಕಬೇಡಿ, ಸುಣ್ಣ ಮೆತ್ತಬೇಡಿ. ಸೊಪ್ಪಿನ ರಸ ಎಷ್ಟೇ ಹಳೆಯ ನಂಬಿಕೆಯದಾದರೂ ಬಿರಿದ ಚರ್ಮದ ಮೇಲೆ ಬೇಡ. ತೋಟಕ್ಕೆ ಮದ್ದು ಹೊಡೆಸುವ ವಾರದಲ್ಲೇ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ ಮಾಡಿಸಿ. ಪಾದದ ಸ್ಪರ್ಶಜ್ಞಾನ ನೋಡಲು ವೈದ್ಯರ ಬಳಿ ನೈಲಾನಿನ ತೆಳು ಎಳೆಯೊಂದಿರುತ್ತದೆ. ಕಣ್ಣು ಮುಚ್ಚಿಸಿ ಅದನ್ನು ಪಾದಕ್ಕೆ ತಾಗಿಸುತ್ತಾರೆ. ತಾಗಿದ್ದು ಗೊತ್ತಾಗದಿದ್ದರೆ ಆ ಮಳೆಗಾಲದಿಂದ ಬರಿಗಾಲು ಬಂದ್.

ದಿನಾ ರಾತ್ರಿ ಕಾಲು ತೊಳೆದ ಮೇಲೆ ಹಳೆಯ ಹತ್ತಿ ಬಟ್ಟೆಯಿಂದ ಎಂಟೂ ಸಂದುಗಳನ್ನು ಒಂದೊಂದಾಗಿ ಒರೆಸಿ. ಹಿಮ್ಮಡಿ ಒಡೆದಿದ್ದರೆ ಅಲ್ಲಿಗೆ ಎಣ್ಣೆ ಹಚ್ಚಬಹುದು, ಬೆರಳ ಸಂದಿಗೆ ಬೇಡ. ಬಗ್ಗಲಾಗದವರು ಪಾದದಡಿ ಕನ್ನಡಿ ಹಿಡಿಯಲಿ, ಇಲ್ಲವೇ ಮೊಮ್ಮಕ್ಕಳನ್ನು ಕರೆಯಲಿ. ಗಮ್ ಬೂಟು ಎರಡು ಜೊತೆ ಇರಲಿ, ಒಂದು ಒಣಗುವಾಗ ಇನ್ನೊಂದು. ಹಾಕುವ ಮೊದಲು ಒಳಗೆ ಕೈಯಾಡಿಸಿ. ಒಳಉಡುಪು, ಪಂಚೆ, ಟವೆಲು ಬಚ್ಚಲ ಒಲೆಯ ಮೇಲೆ ಪೂರ್ತಿ ಒಣಗಿದ ಮೇಲಷ್ಟೇ ಬಳಸಿ. ಕಾಲನ್ನು ಮಾತ್ರ ಅದೇ ಒಲೆಯ ಉರಿಗೆ ಹಿಡಿಯಬೇಡಿ. ನರ ಸತ್ತ ಕಾಲಿಗೆ ಸುಟ್ಟದ್ದು ತಿಳಿಯುವುದಿಲ್ಲ.

ಸಂದು ಬೆಳ್ಳಗಾದ ದಿನವೇ ವೈದ್ಯರಿಗೆ ತೋರಿಸಿ. ತುರಿಕೆ ನಿಂತ ಮೇಲೂ ಅವರು ಹೇಳಿದಷ್ಟು ದಿನ ಮದ್ದು ಹಚ್ಚಿ. ಮನೆಯಲ್ಲಿ ಬೇರೆಯವರಿಗೂ ಇದ್ದರೆ ಎಲ್ಲರಿಗೂ ಒಟ್ಟಿಗೇ ಚಿಕಿತ್ಸೆಯಾಗಲಿ. ಕೆಂಪು ಮೇಲೇರಿದರೆ, ಚಳಿಜ್ವರ ಬಂದರೆ, ಕೀವು, ವಾಸನೆ ಅಥವಾ ಕಪ್ಪು ಬಣ್ಣ ಕಂಡರೆ ಮಳೆ ನಿಲ್ಲಲಿ ಎಂದು ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಕೆಲಸ ಮನೆಯವರದಷ್ಟೇ ಅಲ್ಲ. ಚರ್ಮದ ಹೊಟ್ಟನ್ನು ಕೆರೆದು, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ ಬೇಕಾದದ್ದು ಕೆಲವೇ ನಿಮಿಷ, ಕೆಲವೇ ರೂಪಾಯಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಅದು ನಿತ್ಯದ ರೂಢಿಯಾಗಲಿ. ಸಕ್ಕರೆ ಪರೀಕ್ಷೆಗೆ ಬಂದ ಪ್ರತಿಯೊಬ್ಬರ ಚಪ್ಪಲಿ ಬಿಡಿಸಿ ಕಾಲು ನೋಡಲಿ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಬೆರಳ ಸಂದು ನೋಡುವುದನ್ನು ಕಲಿಸಲಿ. ಮೈಲುತುತ್ತ ಮಾರುವ ಸಹಕಾರಿ ಸಂಘಗಳು ಅದೇ ಮೇ ತಿಂಗಳಲ್ಲಿ ಸದಸ್ಯರಿಗೂ, ಅವರ ತೋಟದಲ್ಲಿ ದುಡಿಯುವ ಸಿದ್ದಿ, ಮರಾಠಿ, ಕುಣಬಿ ಕೂಲಿಕಾರರಿಗೂ ಒಂದು ದಿನದ ಕಾಲು ತಪಾಸಣೆ ಏರ್ಪಡಿಸಲಿ. ಮದ್ದಿನಂಗಡಿಯವರು ಚೀಟಿಯಿಲ್ಲದೆ ಸ್ಟಿರಾಯ್ಡ್ ಟ್ಯೂಬ್ ಕೇಳಿದವರಿಗೆ ಇಲ್ಲ ಎನ್ನುವ ಧೈರ್ಯ ಮಾಡಲಿ.

ಒಂದು ವರ್ಷ ಕೊಳೆ ಬಂದು ಫಸಲು ಹೋದರೆ ಮರ ಉಳಿದಿರುತ್ತದೆ, ಮರುವರ್ಷ ಮತ್ತೆ ಹಿಂಗಾರ ಒಡೆಯುತ್ತದೆ. ಕಾಲಿಗೆ ಮರುವರ್ಷವಿಲ್ಲ. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇವತ್ತು ರಾತ್ರಿ ಊಟಕ್ಕೆ ಮೊದಲು ಅವರ ಕಾಲನ್ನು ದೀಪದ ಬೆಳಕಿಗೆ ಹಿಡಿದು, ಬೆರಳು ಬಿಡಿಸಿ ಒಮ್ಮೆ ನೋಡಿ.